ಆಯುಧಪೂಜೆಗೆ ನಿಲ್ಲುವ ಡೇಟಾಬೇಸ್

ಮೈಸೂರಿನ ಹುಡುಗಿಯನ್ನು ಮದುವೆಯಾಗಿಯೂ ದಸರಾಕ್ಕೆ ಒಂದು ಸಲವೂ ಮೈಸೂರಿಗೆ ಹೋಗದ ಅಳಿಯ ಕರ್ನಾಟಕದಲ್ಲಿ ನಾನೊಬ್ಬನೇ ಇದ್ದಿರಬೇಕು. ಹೆಂಡತಿಯ ತವರುಮನೆ ಜಂಬೂಸವಾರಿ ಹಾದುಹೋಗುವ ರಸ್ತೆಗೆ ಅಂಟಿಕೊಂಡೇ ಇದೆ. ವಿಜಯದಶಮಿಯ ದಿನ ಅವರ ತಾರಸಿಯ ಮೇಲೆ ದೂರದ ನೆಂಟರು, ಆ ನೆಂಟರ ಬಾಡಿಗೆದಾರರು, ಬಾಡಿಗೆದಾರರ ಆಫೀಸಿನವರು ಎಲ್ಲರೂ ಬಂದು ನಿಂತು ಆನೆ ನೋಡುತ್ತಾರೆ. ಮನೆಯ ಅಳಿಯ ಮಾತ್ರ ಇರುವುದಿಲ್ಲ. ನವರಾತ್ರಿಗೆ ಗೊಂಬೆ ಕೂರಿಸಿದ ದಿನವೇ ಅತ್ತೆ ಫೋನ್ ಮಾಡಿ, ಈ ಸಲವಾದರೂ ಅವರು ಬರುತ್ತಾರಾ ಎಂದು ಮಗಳನ್ನು ಕೇಳುತ್ತಾರೆ. ಮಗಳು ನನ್ನ ಮುಖ ನೋಡುತ್ತಾಳೆ. ನಾನು ಫ್ಯಾನು ನೋಡುತ್ತೇನೆ.

ಇದಕ್ಕೆಲ್ಲ ಕಾರಣ ಒಂದು ಕಂಪ್ಯೂಟರು. ನಮ್ಮ ಅಂಗಡಿಯಲ್ಲಿ ಅದನ್ನು ಗೌರವದಿಂದ ಸರ್ವರ್ ಎಂದು ಕರೆಯುತ್ತಿದ್ದೆವು.

ಅಂಗಡಿ ಅಣ್ಣನದು. ನೆಂಟರ ಮುಂದೆ ಮಾತ್ರ ಅಣ್ಣ ಅದನ್ನು ನಮ್ಮಿಬ್ಬರದು ಎನ್ನುತ್ತಾನೆ. ಕಾಮಾಕ್ಷಿಪಾಳ್ಯದಲ್ಲಿ, ಮಾಗಡಿ ರಸ್ತೆಯಿಂದ ಒಂದು ತಿರುವು ಒಳಗೆ, ಹೊಲಿಗೆ ಮಿಷನ್ನಿನ ಬಿಡಿಭಾಗಗಳ ಅಂಗಡಿ. ಸೂಜಿ, ಬಾಬಿನ್, ಬೆಲ್ಟು, ಮೋಟಾರು, ಎಣ್ಣೆ. ಸುತ್ತಲಿನ ಗಾರ್ಮೆಂಟ್ಸುಗಳಲ್ಲಿ ಒಂದು ಮಿಷನ್ನು ಕೆಟ್ಟರೆ ಒಂದು ಸಾಲೇ ನಿಲ್ಲುತ್ತದೆ. ಆಗ ಅಲ್ಲಿಯ ಮೆಕ್ಯಾನಿಕ್ಕು ಫೋನಿನಲ್ಲಿ ನಮಗೆ ಆರ್ಡರ್ ಹಾಕುತ್ತಾನೆ, ಹೆಗ್ಗನಹಳ್ಳಿಯ ಗೋದಾಮಿನಿಂದ ಬೈಕಿನವರು ಸಾಮಾನು ತಲುಪಿಸುತ್ತಾರೆ. ಯಾವ ಮಿಷನ್ನಿಗೆ ಯಾವ ಸೂಜಿ, ಯಾವ ಸಾಮಾನು ಯಾವ ಅರೆಯಲ್ಲಿದೆ, ಯಾರು ಏನು ಕೇಳಿದ್ದಾರೆ, ಯಾರಿಗೆ ಏನು ಹೋಯಿತು, ಇಷ್ಟೂ ಮಾಹಿತಿ ಇದ್ದದ್ದು ಅಂಗಡಿಯ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕೂತಿದ್ದ ಆ ಸರ್ವರ್‌ನ ಹೊಟ್ಟೆಯಲ್ಲಿ. ಡೇಟಾಬೇಸ್ ಎಂದರೆ ಇಷ್ಟೇ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಮಾತಾಡುವವರು ಏನನ್ನೋ ಮಾರಲು ಬಂದಿದ್ದಾರೆ ಎಂದು ತಿಳಿಯಬೇಕು.

ಅಂಗಡಿಯಲ್ಲಿ ನನ್ನ ಹುದ್ದೆ, ಕಂಪ್ಯೂಟರ್ ನೋಡಿಕೊಳ್ಳುವವನು. ಓದಿದ್ದು ಅದನ್ನೇ ಆದ್ದರಿಂದ ದೂರುವ ಹಾಗೂ ಇರಲಿಲ್ಲ. ಅದು ಕೆಮ್ಮಿದರೆ ನಾನು ಕೆಂಗೇರಿ ಉಪನಗರದ ಮನೆಯಿಂದ ಓಡಿ ಬರಬೇಕು. ವರ್ಷವಿಡೀ ಅದು ಅಷ್ಟೇನೂ ಕೆಮ್ಮುತ್ತಿರಲಿಲ್ಲ, ನಿಜ ಹೇಳಬೇಕು. ಧೂಳು ಕುಡಿದುಕೊಂಡು, ಶೆಖೆಯಲ್ಲಿ ಬೇಯುತ್ತ, ಪಾಪದ ಪ್ರಾಣಿ ಸುಮ್ಮನೆ ದುಡಿಯುತ್ತಿತ್ತು. ಕೈ ಕೊಡುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಅದೂ ವಿಜಯದಶಮಿಯ ದಿನ.

ಅದಕ್ಕೂ ಕಾರಣವಿದೆ. ಆಯುಧಪೂಜೆಯ ದಿನ ನಮ್ಮಲ್ಲಿ ಎಲ್ಲವನ್ನೂ ನಿಲ್ಲಿಸುತ್ತಾರೆ. ತೊಳೆಯುವುದು, ಒರೆಸುವುದು, ವಿಭೂತಿ ಎಳೆಯುವುದು, ಕುಂಕುಮ ಇಡುವುದು, ಹೂ ಮುಡಿಸುವುದು, ಮಂಗಳಾರತಿ, ಬೂದುಗುಂಬಳ ಒಡೆಯುವುದು, ಕಡ್ಲೆಪುರಿ ಹಂಚುವುದು. ಆಮೇಲೆ ಮಾರನೆಯ ದಿನ ಪೂಜೆಯಾಗುವವರೆಗೆ ಯಾರೂ ಏನನ್ನೂ ಮುಟ್ಟುವಂತಿಲ್ಲ. ಕತ್ತರಿ ಮುಟ್ಟುವಂತಿಲ್ಲ, ತಕ್ಕಡಿ ಮುಟ್ಟುವಂತಿಲ್ಲ, ಸ್ಟೇಪ್ಲರ್ ಕೂಡ ಒಂದು ಚುಕ್ಕೆ ಕುಂಕುಮ ಇಟ್ಟುಕೊಂಡು ಮೇಜಿನ ಮೇಲೆ ಆರಾಮವಾಗಿ ಮಲಗಿರುತ್ತದೆ. ಸರ್ವರ್‌ಗೂ ಇದೇ ಮರ್ಯಾದೆ. ವರ್ಷವಿಡೀ ಬಿಸಿಯಾಗಿದ್ದ ಯಂತ್ರವನ್ನು ಒಂದೇ ಸಲಕ್ಕೆ ತಣ್ಣಗೆ ಮಾಡಿ, ಅದರ ಫ್ಯಾನಿನ ಬಾಯಿಗೆ ಸೇವಂತಿಗೆ ತುರುಕಿ, ಮೂಗಿನ ಹತ್ತಿರ ಕರ್ಪೂರ ಹಚ್ಚಿ, ಮಾರನೆಯ ದಿನ ಏಳಪ್ಪಾ ಎಂದರೆ ಯಾವ ಯಂತ್ರ ಎದ್ದೀತು? ಒಂದು ವರ್ಷ ಡಿಸ್ಕು ಹೋಯಿತು. ಇನ್ನೊಂದು ವರ್ಷ ಕುಂಕುಮ ಒಳಗಿಳಿದು ಏನೋ ಸುಟ್ಟ ವಾಸನೆ. ಮತ್ತೊಂದು ವರ್ಷ ಏನೂ ಆಗಿರಲಿಲ್ಲ, ಆದರೂ ಏಳಲಿಲ್ಲ. ಊರಿಗೆಲ್ಲ ಆನೆ ಅಂಬಾರಿ ಹೊತ್ತು ನಡೆಯುವ ಹೊತ್ತಿನಲ್ಲಿ ನಾನು ಮೆಟ್ಟಿಲ ಕೆಳಗೆ ಮಂಡಿಯೂರಿ, ಚಿಮಟದಿಂದ ಹೂವಿನ ಎಸಳು ಕೀಳುತ್ತ ಕೂತಿರುತ್ತಿದ್ದೆ.

ಪೂಜೆ ಬೇಕಾದರೆ ಮಾಡು, ನಿಲ್ಲಿಸಬೇಡ ಎಂದು ಅಣ್ಣನಿಗೆ ನಾನು ಹೇಳದೆ ಇರಲಿಲ್ಲ. ಅಣ್ಣ ತನ್ನ ಎಡಗೈ ತೋರುಬೆರಳನ್ನು ಎತ್ತಿ ತೋರಿಸುತ್ತಿದ್ದ. ಅದರ ತುದಿ ಇಲ್ಲ. ಅಂಗಡಿ ಹಾಕುವ ಮೊದಲು ಅವನು ಇದೇ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ. ಒಂದು ಆಯುಧಪೂಜೆಯ ಮಧ್ಯಾಹ್ನ, ಪೂಜೆಯೆಲ್ಲ ಆದ ಮೇಲೆ, ಅರ್ಜೆಂಟ್ ಕೆಲಸ ಬಂತು ಎಂದು ಯಜಮಾನ ಅವನ ಕೈಯಲ್ಲಿ ಲೇತ್ ಓಡಿಸಿದ. ಬೆರಳಿನ ತುದಿ ಅಲ್ಲಿ ಉಳಿಯಿತು. ಪೂಜೆ ಆಗಿರದಿದ್ದರೂ ಹೋಗುತ್ತಿತ್ತೇನೋ, ರಾತ್ರಿಪಾಳಿಯ ನಿದ್ದೆಗಣ್ಣು ಕಾರಣವೇನೋ ಎಂದು ನಾನು ಒಮ್ಮೆ ಅಂದದ್ದಕ್ಕೆ ಅವನು ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಉಳಿದ ವಿಷಯಗಳಲ್ಲಿ ಅಣ್ಣನನ್ನು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ನಾನು ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ. ಆ ಬೆರಳಿನ ಮುಂದೆ ಮಾತ್ರ ನನ್ನ ಬಾಯಿ ಕಟ್ಟಿಹೋಗುತ್ತದೆ.

ಹೋದ ವರ್ಷದ ಹಿಂದಿನ ದಸರಾದಲ್ಲಿ ಸರ್ವರ್ ಸಂಜೆಯವರೆಗೂ ಏಳಲಿಲ್ಲ, ಮಾರನೆಯ ದಿನವೂ ಏಳಲಿಲ್ಲ. ರಜೆ ಮುಗಿಸಿ ಗಾರ್ಮೆಂಟ್ಸು ತೆರೆದಾಗ ಮೆಕ್ಯಾನಿಕ್ಕುಗಳು ಅಂಗಡಿಯ ಮುಂದೆ ಬಂದು ನಿಂತರು. ಯಾವ ಸೂಜಿ ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಿಲ್ಲ. ಗೋದಾಮಿನಲ್ಲಿ ಡಬ್ಬಿ ಡಬ್ಬಿ ಬಿಚ್ಚಿ ಹುಡುಕಿದರು. ಆ ದಿನ ಅಣ್ಣ ಸೋತು ಕೂತು, ಏನಾದರೂ ಮಾಡೋ ಎಂದ. ಮನೆಗೆ ಹೋದರೆ ಹೆಂಡತಿ ಎಂದಿನ ದನಿಯಲ್ಲಿ, ಜಗಳವಿಲ್ಲದೆ, ಅಳುವಿಲ್ಲದೆ ಹೇಳಿದಳು: "ಮುಂದಿನ ದಸರಾಕ್ಕೆ ನೀವು ಬರ್ದಿದ್ರೆ ನಾನೂ ಹೋಗಲ್ಲ. ಅಮ್ಮನಿಗೆ ಏನು ಹೇಳ್ಬೇಕೋ ನೀವೇ ಫೋನ್ ಮಾಡಿ ಹೇಳಿ." ಜಗಳವಾಡಿದ್ದರೆ ಎಷ್ಟೋ ಸುಖವಾಗಿತ್ತು.

ಹೀಗೆ ನಾನು ಕ್ಲೌಡಿಗೆ ಶರಣಾದೆ. ಬೇರೆಯವರು ವ್ಯಾಪಾರ ಬೆಳೆಸಲು ಹೋಗುತ್ತಾರೆ, ನಾನು ಹೋದದ್ದು ಆನೆ ನೋಡಲು. ಕ್ಲೌಡಿನಲ್ಲಿ ಡೇಟಾಬೇಸನ್ನು ಬಾಡಿಗೆಗೆ ಕೊಡುತ್ತಾರೆ. ಯಂತ್ರ ಅವರದು, ರಿಪೇರಿ ಅವರದು, ಬ್ಯಾಕಪ್ ಅವರದು, ಕೆಟ್ಟರೆ ಎದ್ದು ಓಡುವವರೂ ಅವರೇ. ಮಾಹಿತಿ ಮಾತ್ರ ನಮ್ಮದು. ಇದಕ್ಕೆ ಮ್ಯಾನೇಜ್ಡ್ ಎಂದು ಹೆಸರು. ಆ ಪದ ಓದಿದಾಗ ನನ್ನ ಕಣ್ಣು ತುಂಬಿಬಂತು ಎಂದರೆ ನಗಬೇಡಿ. ನೋಡಿಕೊಳ್ಳುವವನು ಬೇರೆ ಯಾರೋ ಆಗುವುದಾದರೆ ನಾನು ಮೈಸೂರಿನ ತಾರಸಿಯ ಮೇಲೆ ಇರಬಹುದು. ಲೆಕ್ಕ ಅಷ್ಟು ಸರಳವಾಗಿತ್ತು.

ಇಂಥ ಸೇವೆ ಕೊಡುವವರು ಒಬ್ಬಿಬ್ಬರಲ್ಲ. ನಾನು ಜರಡಿ ಹಿಡಿದು ಮೂವರನ್ನು ಉಳಿಸಿಕೊಂಡೆ. ಮೊದಲು ವೈಟ್‌ಫೀಲ್ಡಿನ ಅವರ ಆಫೀಸುಗಳಿಗೆ ಹೋಗಿ ಬರೋಣ ಎಂದೆ. ಅಷ್ಟು ಹೊತ್ತಿನಲ್ಲಿ ಮೈಸೂರಿಗೇ ಹೋಗಿಬರಬಹುದಲ್ಲ ಎಂದು ಅಣ್ಣ ಕೇಳಿದ. ನನ್ನ ಹೊಟ್ಟೆ ಉರಿಸಲು ಅಂದದ್ದಲ್ಲ, ಅವನಿಗೆ ನಿಜಕ್ಕೂ ಹಾಗೆ ಅನ್ನಿಸಿತ್ತು. ಬೇಕಾದವರು ಇಲ್ಲಿಗೇ ಬರಲಿ ಎಂದು ತೀರ್ಮಾನವಾಯಿತು. ಬಂದರು ಕೂಡ.

ಮೊದಲನೆಯವನು ಕೋಟು ಹಾಕಿಕೊಂಡು ಬಂದಿದ್ದ. ಕಾಮಾಕ್ಷಿಪಾಳ್ಯದ ನಡುಮಧ್ಯಾಹ್ನದಲ್ಲಿ ಕೋಟು ಹಾಕಿದವನನ್ನು ಕಂಡು ಎದುರಿನ ಬೇಕರಿಯವನು ಹೊರಗೆ ಬಂದು ನಿಂತ. ಮದುಮಗನೋ ಇನ್‌ಕಮ್ ಟ್ಯಾಕ್ಸೋ ಎಂಬ ಅನುಮಾನ. ಕೂರಲು ಸೂಜಿ ಡಬ್ಬಿಗಳ ರಟ್ಟಿನ ಪೆಟ್ಟಿಗೆ ಕೊಟ್ಟೆವು. ಅವನು ಲ್ಯಾಪ್‌ಟಾಪ್ ಬಿಚ್ಚಿ ಮೋಡದ ಚಿತ್ರ ತೋರಿಸಿದ, ಮೋಡದಿಂದ ಮೋಡಕ್ಕೆ ಬಾಣ, ಬಾಣದಿಂದ ಮತ್ತೆ ಮೋಡಕ್ಕೆ. ನಮ್ಮ ವ್ಯಾಪಾರ ನಾಳೆ ಹತ್ತು ಪಟ್ಟಾದರೂ ತಡೆಯುತ್ತದೆ ಎಂದ. ಹತ್ತು ಪಟ್ಟಾದರೆ ಹೆಗ್ಗನಹಳ್ಳಿಯಲ್ಲಿ ಸಾಮಾನು ಇಡಲು ಜಾಗ ಎಲ್ಲಿದೆ ಎಂದು ಅಣ್ಣ ಚಿಂತೆಗೆ ಬಿದ್ದ. ಕೊನೆಗೆ ಅವನು ಬ್ರಹ್ಮಾಸ್ತ್ರ ತೆಗೆಯುವವನಂತೆ ಬೆನ್ನು ನೇರ ಮಾಡಿ, ತಮ್ಮ ಡೇಟಾಬೇಸ್ ಎಂದೂ ನಿಲ್ಲುವುದೇ ಇಲ್ಲ ಎಂದು ಘೋಷಿಸಿದ. ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಒಂಬತ್ತು.

ಅಣ್ಣನ ಮುಖ ಬಿಗಿಯಾಯಿತು. "ಆಯುಧಪೂಜೆಗೆ ಆಫ್ ಮಾಡ್ಬೋದಾ ಸಾರ್?" ಎಂದು ಕೇಳಿದ.

ಕೋಟಿನವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವನು ನಕ್ಕು, ನಿಲ್ಲಿಸುವ ಗುಂಡಿಯೇ ತಮ್ಮಲ್ಲಿ ಇಲ್ಲ, ಬೇಡವಾದರೆ ಅಳಿಸಿಯೇ ಹಾಕಬೇಕು ಎಂದ. ಅಣ್ಣ ಸ್ವಲ್ಪ ಯೋಚಿಸಿ, ನೂರರಲ್ಲಿ ಆ ಉಳಿದ ಚಿಲ್ಲರೆ ಇದೆಯಲ್ಲ, ಅದನ್ನೆಲ್ಲ ಕೂಡಿಸಿ ಆಯುಧಪೂಜೆಗೇ ಕೊಡಲು ಆಗುತ್ತದೆಯೇ ಎಂದು ವಿಚಾರಿಸಿದ. ಕೋಟಿನವನು ಫೋನಿನಲ್ಲಿ ಲೆಕ್ಕ ಹಾಕಿ, ವರ್ಷಕ್ಕೆ ಒಂದು ಗಂಟೆಯೂ ಬರುವುದಿಲ್ಲ ಎಂದ. ನಮ್ಮ ಪುರೋಹಿತರು ಕಳಶ ಇಡುವುದಕ್ಕೇ ಅಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಎಂದು ಅಣ್ಣ ಅವನನ್ನು ಕಾಫಿ ಕುಡಿಸಿ ಕಳಿಸಿದ. ಒಂದು ದಿನವೂ ನಿಲ್ಲದ ಯಂತ್ರ ಮನೆಯೊಳಗಿರಲಿ, ಮೋಡದಲ್ಲಿರಲಿ, ಒಳ್ಳೆಯದಲ್ಲ ಎಂದು ಆಮೇಲೆ ನನಗೆ ಹೇಳಿದ. ಹೇಳುವಾಗ ಬೆರಳು ಉಜ್ಜಿಕೊಳ್ಳುತ್ತಿದ್ದ.

ಎರಡನೆಯದಾಗಿ ಬಂದವಳು ಚುರುಕಿನ ಹುಡುಗಿ, ವಿಜಯನಗರದವಳೇ, ಕನ್ನಡದಲ್ಲಿ ಮಾತಾಡಿದಳು. ನನಗೆ ಬೇಕಾಗಿದ್ದದ್ದು ಅವಳ ಸೇವೆಯೇ. ಯಾರೂ ಏನೂ ಕೇಳದಿದ್ದಾಗ ಅದು ತಾನಾಗಿ ಮಲಗಿಕೊಳ್ಳುತ್ತದೆ, ಯಾರಾದರೂ ಕೇಳಿದ ಕೂಡಲೇ ತಾನಾಗಿ ಏಳುತ್ತದೆ. ಆಯುಧಪೂಜೆಯ ದಿನ ಗಾರ್ಮೆಂಟ್ಸುಗಳೆಲ್ಲ ಮುಚ್ಚಿರುತ್ತವೆ, ಯಾರೂ ಆರ್ಡರ್ ಹಾಕುವುದಿಲ್ಲ, ಅದು ತಾನೇ ಮಲಗಿರುತ್ತದೆ, ಯಾರೂ ಏನೂ ಒತ್ತುವುದು ಬೇಡ. ದೇವರೇ ಈ ಹುಡುಗಿಯನ್ನು ಕಳಿಸಿದ್ದಾನೆ ಎಂದುಕೊಂಡೆ. ಮನಸ್ಸಿನಲ್ಲೇ ಸೂಟ್‌ಕೇಸಿಗೆ ಬಟ್ಟೆ ತುಂಬಿದೆ.

ಅಣ್ಣನಿಗೆ ಅದು ಹಿಡಿಸಲಿಲ್ಲ. ಕೆಲಸ ಇಲ್ಲದಾಗ ಮಲಗುವುದು ವಿಶ್ರಾಂತಿ ಅಲ್ಲ, ಸೋಮಾರಿತನ ಎಂಬುದು ಅವನ ಮೊದಲ ತಕರಾರು. ಅಂಥವರನ್ನು ಅವನು ಗೋದಾಮಿನಿಂದ ಎಷ್ಟೋ ಸಲ ಓಡಿಸಿದ್ದಾನೆ. ಎರಡನೆಯ ತಕರಾರು ಇನ್ನೂ ಗಟ್ಟಿ. ಪೂಜೆಯಾದ ಮೇಲೆ ಪೀಣ್ಯದಲ್ಲಿ ಯಾವನೋ ತಲೆಕೆಟ್ಟವನು ಒಂದು ಸೂಜಿ ಕೇಳಿದರೆ ಇದು ಏಳುತ್ತದೆಯೋ ಇಲ್ಲವೋ ಎಂದು ಕೇಳಿದ. ಹುಡುಗಿ ಹೆಮ್ಮೆಯಿಂದ, ಕಣ್ಣು ಮಿಟುಕಿಸುವಷ್ಟರಲ್ಲಿ ಏಳುತ್ತದೆ ಎಂದಳು. ಹಾಗಾದರೆ ಪೂಜೆಯಾದ ಮೇಲೂ ದುಡಿಯುತ್ತದೆ ಎಂದಾಯಿತು, ಬೇಡ ಎಂದ ಅಣ್ಣ. ಹುಡುಗಿ ನನ್ನ ಕಡೆ ನೋಡಿದಳು. ನಾನು ಅವಳಿಗಿಂತ ದೀನನಾಗಿ ಅವಳ ಕಡೆ ನೋಡಿದೆ. ಒಳ್ಳೆಯದನ್ನು ಮಾರುವವರಿಗೆ ಇಷ್ಟು ಸರಿಯಾದ ಕಾರಣಕ್ಕೆ ಬೇಡ ಎನ್ನಿಸಿಕೊಂಡ ಅನುಭವ ಇರುವುದಿಲ್ಲ. ಪಾಪ, ಎರಡು ಕಾಫಿ ಕುಡಿದು ಹೋದಳು.

ಮೂರನೆಯವನು ಬಂದಾಗ ನಾನು ಅರ್ಧ ಸತ್ತಿದ್ದೆ. ಅವನೂ ಹಾಗೇ ಇದ್ದ. ರಾಜಾಜಿನಗರದ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಬೆವರಿ, ಪ್ರೆಸೆಂಟೇಶನ್ ತೆರೆಯಲೂ ತ್ರಾಣವಿಲ್ಲದೆ ಪೆಟ್ಟಿಗೆಯ ಮೇಲೆ ಕುಸಿದ. ಅಣ್ಣ ನೀರು ಕೊಡುತ್ತಲೇ ಪ್ರಶ್ನೆ ಕೇಳಿದ. ಅವನು ತಪ್ಪು ಒಪ್ಪಿಕೊಳ್ಳುವವನ ಹಾಗೆ, "ನಿಲ್ಲಿಸ್ಬೋದು ಸಾರ್. ಆದ್ರೆ ಒಂದು ವಾರ ಮಾತ್ರ. ಆಮೇಲೆ ನೀವು ಬೇಡ ಅಂದ್ರೂ ತಾನೇ ಶುರುವಾಗ್ಬಿಡುತ್ತೆ" ಎಂದ.

ಅಣ್ಣನ ಮುಖ ಅರಳಿದ್ದನ್ನು ನೋಡಬೇಕಿತ್ತು. ರಜೆ ಕೊಟ್ಟರೆ ತೆಗೆದುಕೊಳ್ಳುತ್ತದೆ, ಹೆಚ್ಚಾದರೆ ಯಾರೂ ಕರೆಯದೆ ತಾನೇ ಕೆಲಸಕ್ಕೆ ಬರುತ್ತದೆ. ಇಷ್ಟು ನಿಯತ್ತಿನವರು ನಮ್ಮ ಅಂಗಡಿಯಲ್ಲಿ ಒಬ್ಬರೂ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದ. ವೇಗ ಎಷ್ಟು, ಭದ್ರತೆ ಹೇಗೆ, ಬ್ಯಾಕಪ್ ಎಷ್ಟು ದಿನದ್ದು, ಆಮೇಲೆ ಬಿಟ್ಟುಹೋಗಬೇಕೆಂದರೆ ಮಾಹಿತಿ ಕೈಗೆ ಸಿಗುತ್ತದೆಯೇ, ಒಂದನ್ನೂ ಕೇಳಲಿಲ್ಲ. ದರದ ಮಾತೆತ್ತದ ಅಣ್ಣನನ್ನು ನಾನು ಆವತ್ತೇ ಮೊದಲು ನೋಡಿದ್ದು. ಮೂರೂ ಸೇವೆಗಳನ್ನು ಅಕ್ಕಪಕ್ಕ ಇಟ್ಟು ನಾನು ವಾರಗಟ್ಟಲೆ ಕೂತು ತಯಾರಿಸಿದ ಹಾಳೆಯ ಮೇಲೆ ಕಾಫಿ ಲೋಟ ಇಟ್ಟುಕೊಂಡು ಒಪ್ಪಿಗೆ ಕೊಟ್ಟುಬಿಟ್ಟ. ದೊಡ್ಡ ದೊಡ್ಡ ಕಂಪನಿಗಳಲ್ಲಿ ಇಂಥ ಆಯ್ಕೆಗೆ ಸಮಿತಿಗಳಿರುತ್ತವಂತೆ. ಅವರು ಇದಕ್ಕಿಂತ ಒಳ್ಳೆಯ ಕಾರಣಕ್ಕೆ ಆರಿಸುತ್ತಾರೆ ಎಂದು ನಾನಂತೂ ಪ್ರಮಾಣ ಮಾಡಲಾರೆ. ಅಲ್ಲಿ ಯಜಮಾನರ ಭಾವಮೈದುನ ಹೇಳಿದ್ದು ನಡೆಯುತ್ತದೆ, ನಮ್ಮಲ್ಲಿ ಬೆರಳು ಹೇಳಿದ್ದು ನಡೆಯಿತು.

ಮಾಹಿತಿಯೆಲ್ಲ ಮೋಡಕ್ಕೇರಿತು. ಹೇಳಬೇಕಾದದ್ದು ಹೇಳಬೇಕು, ವರ್ಷವಿಡೀ ಅದು ಒಂದು ದಿನವೂ ತಕರಾರು ಮಾಡಲಿಲ್ಲ. ಹಳೆಯ ಸರ್ವರ್ ಗುಜರಿಗೆ ಹೋಯಿತು. ಮೆಟ್ಟಿಲ ಕೆಳಗಿನ ಗೂಡು ಖಾಲಿಯಾಗಿ, ಅಲ್ಲಿ ಪೊರಕೆ ಬಂದು ನಿಂತಿತು. ದಸರಾ ಹತ್ತಿರವಾದಾಗ ನಾನು ಅಣ್ಣನಿಗೆ ಯೋಜನೆ ವಿವರಿಸಿದೆ. ಆಯುಧಪೂಜೆಯ ದಿನ ಇಲ್ಲಿಯೇ ನಿಲ್ಲಿಸುತ್ತೇನೆ, ಪೂಜೆ ಮುಗಿಸಿ ಸಂಜೆ ಮೈಸೂರಿಗೆ ಹೋಗುತ್ತೇನೆ, ವಿಜಯದಶಮಿಗೆ ಅಲ್ಲಿಂದಲೇ ಫೋನಿನಲ್ಲಿ ಶುರು ಮಾಡುತ್ತೇನೆ.

ಅಣ್ಣ ಸುತಾರಾಂ ಒಪ್ಪಲಿಲ್ಲ. ನಿಲ್ಲಿಸುವುದೂ ಶುರು ಮಾಡುವುದೂ ದೇವರ ಫೋಟೋದ ಮುಂದೆ, ಮಂಗಳಾರತಿ ಆದ ಮೇಲೆ, ಕೈಯಿಂದಲೇ ಆಗಬೇಕು. ಆಯುಧ ಇಲ್ಲಿಟ್ಟು ಅದರ ಗುಂಡಿ ಮೈಸೂರಿನಲ್ಲಿಡುವುದು ಎಂಥ ಪದ್ಧತಿ ಎಂದ. ಆಯುಧವೂ ಇಲ್ಲಿಲ್ಲವಲ್ಲ ಅಣ್ಣ, ಅದು ಮುಂಬೈಯಲ್ಲೋ ಎಲ್ಲೋ ಇದೆ ಎಂದೆ. ಎಲ್ಲಿದ್ದರೆ ಏನು, ದುಡಿಯುವುದು ನಮ್ಮ ಅಂಗಡಿಗೆ ತಾನೇ ಎಂದ. ಮುಹೂರ್ತಕ್ಕೆ ಸರಿಯಾಗಿ ಅದೇ ನಿಂತು ಅದೇ ಶುರುವಾಗುವಂತೆ ಹೊತ್ತು ಗೊತ್ತುಮಾಡಬಹುದು ಎಂದೂ ಹೇಳಿನೋಡಿದೆ. ಪುರೋಹಿತರು ಮಾಗಡಿ ರಸ್ತೆಯ ಅಂಗಡಿಗಳನ್ನೆಲ್ಲ ಸ್ಕೂಟರಿನಲ್ಲಿ ಮುಗಿಸಿಕೊಂಡು ಬರುವವರು, ಬಂದಾಗ ಬಂದರು, ಅವರ ಹೊತ್ತನ್ನು ಅವರ ಹೆಂಡತಿಯೇ ಹೇಳಲಾರಳು. ವಿಜಯದಶಮಿಗೆ ನಾನು ಇಲ್ಲಿಯೇ ಇರತಕ್ಕದ್ದು ಎಂದಾಯಿತು.

ನನಗೆ ಸಿಟ್ಟು ಬಂತು. ಅದು ಅಣ್ಣನ ಮೇಲೆ ಮಾತ್ರವಲ್ಲ. ಆ ಮೂರನೆಯವನ ಮೇಲೆ, ಅವನ ಪ್ರಾಮಾಣಿಕತೆಯ ಮೇಲೆ, ಮ್ಯಾನೇಜ್ಡ್ ಎಂಬ ಪದದ ಮೇಲೆ. ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರೆ ಎಂದು ನಂಬಿ ನಾನು ಆರಿಸಲು ಹೊರಟೆ. ಆರಿಸಿದ್ದಾದ ಮೇಲೆ ನೋಡಿದರೆ ಯಂತ್ರ ಹೋಗಿದೆ, ಧೂಳು ಹೋಗಿದೆ, ಗೂಡು ಹೋಗಿದೆ, ನೋಡಿಕೊಳ್ಳುವವನು ಮಾತ್ರ ಅಲ್ಲೇ ಪೊರಕೆಯ ಪಕ್ಕ ನಿಂತಿದ್ದಾನೆ. ಹೆಂಡತಿಗೆ ಹೇಗೆ ಹೇಳುವುದೆಂದು ಎರಡು ದಿನ ತಿಣುಕಾಡಿದೆ. ಹೇಳಿದಾಗ ಅವಳು, ಆಯುಧಪೂಜೆಗೆ ತಾನೂ ಅಂಗಡಿಗೆ ಬರುತ್ತೇನೆ ಎಂದಳು. ಬಂದಳು. ಕೈಯಲ್ಲಿ ಸೂಟ್‌ಕೇಸು ಇತ್ತು. ಅದನ್ನು ಕೌಂಟರಿನ ಕೆಳಗೆ ಸರಿಸಿ, ನಮ್ಮ ಅತ್ತಿಗೆಯ ಜೊತೆ ಕೂತು ಹೂ ಕಟ್ಟತೊಡಗಿದಳು.

ಪುರೋಹಿತರು ಬರುವಾಗ ಮಧ್ಯಾಹ್ನವಾಗಿತ್ತು. ಬಾಳೆಕಂದು ಬಾಡಿತ್ತು, ಅಂಗಡಿಯವರಿಗೆಲ್ಲ ಹಸಿವಾಗಿತ್ತು. ದೇವರ ಫೋಟೋದ ಮುಂದೆ ಲ್ಯಾಪ್‌ಟಾಪ್ ಇಟ್ಟು ನಾನು ಗುಂಡಿ ಒತ್ತಿದೆ. ಡೇಟಾಬೇಸ್ ನಿಂತಿತು ಎಂದು ಪರದೆಯ ಮೇಲೆ ಬಂತು. ಅಣ್ಣ ಅದನ್ನು ಕೈಮುಗಿದು ಓದಿದ. ಪುರೋಹಿತರು ಬೈಕುಗಳಿಗೆ, ತಕ್ಕಡಿಗೆ, ಕತ್ತರಿಗೆ, ಸ್ಟೇಪ್ಲರಿಗೆ ಕುಂಕುಮ ಇಡುತ್ತ ಬಂದು ಮೆಟ್ಟಿಲ ಕೆಳಗೆ ಬಗ್ಗಿದರು. ಪೊರಕೆಗೆ ಇಡುವುದೋ ಬಿಡುವುದೋ ಎಂದು ತಡೆದರು. ಪ್ರತಿವರ್ಷ ಇಲ್ಲೊಂದು ದೊಡ್ಡ ಪೆಟ್ಟಿಗೆ ಇರುತ್ತಿತ್ತಲ್ಲ ಎಂದರು. ಅದು ಈಗ ಮೋಡದಲ್ಲಿದೆ ಎಂದು ಅಣ್ಣ ಹೇಳಿದ. ಪುರೋಹಿತರು ಪಾಪ ಮೇಲೆ ನೋಡಿದರು, ಮೇಲೆ ಟ್ಯೂಬ್‌ಲೈಟ್ ಇತ್ತು.

ಲ್ಯಾಪ್‌ಟಾಪಿಗೆ ಇಡಿ ಎಂದು ಅತ್ತಿಗೆ ಹೇಳಿದರು. ಕುಂಕುಮದ ಬಟ್ಟಲು ಅದರ ಮೇಲೆ ಬಗ್ಗುತ್ತಲೇ ನಾನು ಎರಡೂ ಕೈ ಚಾಚಿ ಅಡ್ಡ ಮಲಗಿದಂತೆ ನಿಂತೆ. ನನ್ನ ಹಳೆಯ ವಿಜಯದಶಮಿಗಳೆಲ್ಲ ಕಣ್ಣ ಮುಂದೆ ಬಂದವು. ಪುರೋಹಿತರಿಗೆ ಇನ್ನೂ ಬೇಕಾದಷ್ಟು ಅಂಗಡಿಗಳು ಬಾಕಿ. ಹಾಗಾದರೆ ಈ ಮೋಡದ್ದನ್ನು ನಿಲ್ಲಿಸುವುದು, ನಡೆಸುವುದು ಯಾರು, ಅವರಿಗೇ ಇಟ್ಟರಾಯಿತು ಎಂದು ಬೇಸರದಲ್ಲಿ ಅಂದರು. ಅಣ್ಣನಿಗೆ ಅದು ವೇದವಾಕ್ಯವಾಯಿತು. ನನ್ನ ಭುಜ ಹಿಡಿದು ಗೂಡಿನ ಮುಂದೆ ನಿಲ್ಲಿಸಿದ. "ಇನ್ಮೇಲೆ ಸರ್ವರ್ ಅಂದ್ರೆ ಇವನೇ, ಇವನಿಗೇ ಮಾಡಿ ಸ್ವಾಮಿ" ಎಂದ.

ಮಾಡಿದರು. ಹಣೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕಾಸಗಲ ಕುಂಕುಮ, ಕೊರಳಿಗೆ ಸೇವಂತಿಗೆ ಹಾರ. ನನ್ನ ಸುತ್ತ ಮಂಗಳಾರತಿ ಎತ್ತಿದರು. ಕರ್ಪೂರದ ಹೊಗೆಗೆ ನನಗೆ ಕೆಮ್ಮು ಬಂತು. ಆ ಹಳೆಯ ಸರ್ವರ್ ಪಟ್ಟ ಪಾಡು ಅದೇ ಮೊದಲ ಸಲ ನನಗೆ ಸರಿಯಾಗಿ ತಿಳಿಯಿತು. ಅಣ್ಣ ಬೂದುಗುಂಬಳವನ್ನು ನನಗೆ ಇಳಿ ತೆಗೆದು ಬಾಗಿಲ ಹೊರಗೆ ಒಡೆದ. ಗೋದಾಮಿನವರು ಬೇಡ ಬೇಡವೆಂದರೂ ಫೋಟೋ ತೆಗೆದುಕೊಂಡರು. ಎದುರಿನ ಬೇಕರಿಯವನು ಮತ್ತೆ ಹೊರಗೆ ಬಂದು ನಿಂತಿದ್ದ. ಇಷ್ಟು ಓದಿ, ಇಷ್ಟು ದುಡಿದು, ಹೆಂಡತಿಯ ಕಣ್ಣೆದುರಿಗೆ ಸ್ಟೇಪ್ಲರಿನ ಪಂಕ್ತಿಗೆ ಸೇರಿದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದೆ.

ಕಡ್ಲೆಪುರಿ ಹಂಚುತ್ತಿದ್ದ ಹೆಂಡತಿ ತಟ್ಟೆ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು ಅಣ್ಣನ ಮುಂದೆ ಬಂದು ನಿಂತಳು.

"ಭಾವ, ಪೂಜೆ ಆದ ಆಯುಧನ ಇವತ್ತು ಕೆಲಸಕ್ಕೆ ಹಚ್ಚಬಾರ್ದು ಅಲ್ವಾ?"

"ಹಚ್ಚಬಾರ್ದಮ್ಮಾ," ಎಂದ ಅಣ್ಣ. ಬೆರಳು ತಾನಾಗಿ ಮೇಲೆ ಬಂತು.

"ನಾಳೆ?"

"ನಾಳೆ ಇನ್ನೊಂದು ಪೂಜೆ ಆಗ್ಬೇಕು. ಆಮೇಲೇನೇ."

"ಸರಿ. ಆ ಪೂಜೆ ನಾನು ನಮ್ಮಮ್ಮನ ಮನೇಲಿ, ಗೊಂಬೆ ಮುಂದೆ ಮಾಡಿಸ್ತೀನಿ. ಅಲ್ಲೀವರೆಗೂ ಇವರನ್ನ ಯಾರೂ ಮುಟ್ಟೋ ಹಾಗಿಲ್ಲ" ಎಂದವಳೇ ಕೌಂಟರಿನ ಕೆಳಗಿಂದ ಸೂಟ್‌ಕೇಸು ಎಳೆದಳು.

ಅಂಗಡಿಯಲ್ಲಿ ಯಾರೂ ಪುರಿ ಅಗಿಯಲಿಲ್ಲ. ಅಣ್ಣ ನನ್ನನ್ನು ನೋಡಿದ, ಹಾರ ನೋಡಿದ, ಒಡೆದ ಬೂದುಗುಂಬಳ ನೋಡಿದ. ಪುರೋಹಿತರ ಕಡೆ ನೋಡಿದರೆ ಅವರು ಆಗಲೇ ಸ್ಕೂಟರ್ ಹತ್ತಿದ್ದರು. ಅವನು ನಂಬಿಕೆಯನ್ನು ಬೇಕಾದಾಗ ಹಾಕಿ ಬೇಡವಾದಾಗ ಕಳಚುವವನಲ್ಲ. ಆ ಒಂದು ಗುಣಕ್ಕೆ ನಾನು ಅವನ ಉಳಿದ ಎಲ್ಲವನ್ನೂ ಸಹಿಸಿದ್ದೇನೆ. ಕೊನೆಗೆ, "ಹಾರ ಈಗಲೇ ತೆಗೀಬೇಡ ಕಣೋ, ಹುಷಾರಾಗಿ ಹೋಗ್ಬಾ" ಎಂದ.

ಆಟೋ ಹಿಡಿದು ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಬಂದೆವು. ರಸ್ತೆಯ ಮೇಲಿನ ಆಟೋ, ಬಸ್ಸು, ಟೆಂಪೊ ಎಲ್ಲವೂ ಹಾರ ಹಾಕಿಕೊಂಡು ಬಾಳೆಕಂದು ಕಟ್ಟಿಕೊಂಡು ಓಡುತ್ತಿದ್ದವು. ಅವುಗಳ ನಡುವೆ ನಾನು ಹಾರ ಹಾಕಿಕೊಂಡು ಕೂತಿರುವುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಬಸ್ಸು ಕೆಂಗೇರಿ ದಾಟುವಾಗ ಹೆಂಡತಿ ನನ್ನ ಕೊರಳಿನ ಹಾರದಿಂದ ಒಂದು ಹೂವು ಕಿತ್ತು ಮುಡಿದುಕೊಂಡಳು. ನನಗೆ ಸುಖವಾಗಿತ್ತು, ಜೊತೆಗೇ ಒಂದು ಕಹಿಯೂ ಇತ್ತು. ಇಷ್ಟು ವರ್ಷ ಆ ಅಂಗಡಿಯ ಕತ್ತರಿಗೂ ವರ್ಷಕ್ಕೊಂದು ದಿನ ರಜೆ ಇತ್ತು. ತಮ್ಮನಿಗೂ ಒಂದು ದಿನ ಬೇಕೇನೋ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ನನಗೇ ಹೊಳೆದಿರಲಿಲ್ಲ, ನಾನು ರಜೆಯನ್ನು ಕ್ಲೌಡಿನಲ್ಲಿ ಹುಡುಕುತ್ತಿದ್ದೆ.

ಮಾರನೆಯ ಬೆಳಿಗ್ಗೆಯೇ ಅಣ್ಣನ ಫೋನ್ ಬಂತು. ಪೂಜೆ ಆಯಿತೇ, ಅದನ್ನು ಶುರು ಮಾಡಿದೆಯಾ ಎಂದ. ಗೊಂಬೆಗಳ ಮುಂದೆ ಅತ್ತೆ ಆಗಲೇ ದೀಪ ಹಚ್ಚಿದ್ದರು, ನಾನು ಸ್ನಾನ ಮಾಡಿ, ಜೊತೆಗೆ ತಂದಿದ್ದ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ಹೆಂಡತಿ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಇಲ್ಲ ಭಾವ, ನಮ್ಮ ಕಡೆ ಆನೆ ಹೋದ್ಮೇಲೇನೇ ಪೂಜೆ" ಎಂದಳು.

ಅತ್ತ ಅಣ್ಣ, ಆಗಲಮ್ಮಾ, ಪದ್ಧತಿ ಅಂದಮೇಲೆ ಪದ್ಧತಿ ಎಂದು ಫೋನ್ ಇಟ್ಟ.

ಅತ್ತೆ ಮಗಳ ಮುಖವನ್ನೇ ನೋಡಿದರು. ಅಂಥ ಪದ್ಧತಿ ಆ ಮನೆಯಲ್ಲಿ ಎಂದೂ ಇರಲಿಲ್ಲ. ಈಗ ಇದೆ.